ಕಲ್ಲಬಾನಿಯ ಸಿಂಪಿಗಳು

ಹೋದ ವಾರ ನೆರೆಮನೆಯವರು ಕಾಂಪೌಂಡಿಗೆ ಸುಣ್ಣ ಬಳಿಸಿದರು. ಈಗ ಎಲ್ಲರೂ ಡಬ್ಬಿ ಬಣ್ಣ ಬಳಿಸುವವರೇ, ಇವರಿಗೆ ಮಾತ್ರ ಸುಣ್ಣವೇ ಆಗಬೇಕೆಂಬ ಹಟ. ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಕಿಟಕಿಯಿಂದ ಹಸಿ ಸುಣ್ಣದ ವಾಸನೆ ಬಂದದ್ದೇ ತಡ, ಒಲೆ ಆರಿಸಿ ಕಿಟಕಿ ಹಾಕಿದೆ. ಒಗ್ಗರಣೆ ಅರ್ಧಕ್ಕೇ ನಿಂತಿತು. ಬಹಳ ಜನಕ್ಕೆ ಅದು ಹಬ್ಬದ ವಾಸನೆ, ಒಂದು ಕಾಲಕ್ಕೆ ನನಗೂ ಹಾಗೆಯೇ ಇತ್ತು. ಈಗ ಆ ವಾಸನೆ ಬಂದರೆ ನಾನು ಮುಂಡರಗಿ ತಾಲೂಕಿನಲ್ಲಿ ಕಳೆದ ಒಂದು ಬೇಸಿಗೆಯ ನಡುಮಧ್ಯೆ ಹೋಗಿ ನಿಲ್ಲುತ್ತೇನೆ.

ಅದು ಐದು ವರ್ಷದ ಹಿಂದಿನ ಮಾತು. ನಾನು ಕೆಲಸ ಮಾಡುವ ಸಂಸ್ಥೆ ನನ್ನನ್ನು ತುಂಗಭದ್ರೆಯ ದಂಡೆಗೆ ಸಿಂಪಿ ಹುಡುಕಲು ಕಳಿಸಿತ್ತು. ಸಿಂಪಿ ಎಂದರೆ ಹೊಳೆಯ ಕಪ್ಪೆಚಿಪ್ಪು. ಹಾಲಿನ ಗಡಿಗೆಯ ತಳಕ್ಕೆ ಅಂಟಿದ ಕೆನೆ ಕೆರೆಯಲು ನಮ್ಮ ಕಡೆ ಮನೆಗೊಂದು ಸಿಂಪಿ ಇರುತ್ತಿತ್ತು. ಅದರೊಳಗೆ ಒಂದು ಜೀವವಿತ್ತು, ಅದು ಹೊಳೆಯ ಉಸುಕಿನಲ್ಲಿ ಅರ್ಧ ಹೂತುಕೊಂಡು ಹಗಲೂ ರಾತ್ರಿ ನೀರು ಸೋಸುತ್ತ ವರ್ಷಗಟ್ಟಲೆ ಬದುಕಿತ್ತು ಎಂದು ಕೆನೆ ಕೆರೆಯುವಾಗ ಯಾರು ಯೋಚಿಸುತ್ತಾರೆ? ಮುಂದೆ ಹೊಳೆಯ ಉಸುಕು ಲಾರಿ ಹತ್ತಿತು. ಉಸುಕಿನ ಜೊತೆ ಸಿಂಪಿಗಳೂ ಹೋಗಿ ಎಲ್ಲೆಲ್ಲಿಯದೋ ಗೋಡೆಗಳ ಗಿಲಾವಿನಲ್ಲಿ ಸೇರಿದವು. ನಾನು ಹುಡುಕುತ್ತಿದ್ದ ಜಾತಿಯಂತೂ ಕಂಡವರೇ ಇಲ್ಲ ಎನ್ನುವಷ್ಟಾಗಿತ್ತು. ಅದಕ್ಕೊಂದು ಉದ್ದನೆಯ ಲ್ಯಾಟಿನ್ ಹೆಸರಿದೆ, ಬರೆದರೆ ಓದುವವರು ಮುಂದಿನ ಪುಟಕ್ಕೆ ಹೋಗುತ್ತಾರೆ.

ಸಿಕ್ಕರೆ ನಾನು ಮಾಡಬೇಕಾದದ್ದು ಇಷ್ಟು: ಗಂಡು ಸಿಂಪಿಯ ಬೀಜವನ್ನು ಸಣ್ಣ ಕೊಳವೆ ಕಡ್ಡಿಗಳಲ್ಲಿ ತುಂಬಿ, ದ್ರವ ಸಾರಜನಕದಲ್ಲಿ ಇಳಿಸಿ ಹೆಪ್ಪುಗಟ್ಟಿಸುವುದು. ಹಾಗೆ ಇಟ್ಟರೆ ಅದು ಎಷ್ಟು ವರ್ಷವಾದರೂ ಕಾಯುತ್ತದೆ. ಹೊಳೆ ಒಂದು ದಿನ ಸುಧಾರಿಸಿದರೆ, ಅಥವಾ ನಾವೇ ಕೊಳದಲ್ಲಿ ಸಾಕುವಂತಾದರೆ, ಅದನ್ನು ಕರಗಿಸಿ ಮರಿ ಮಾಡಿಸಬಹುದು. ಆದರೆ ಹೆಣ್ಣಿನ ತತ್ತಿ ಹೆಪ್ಪುಗಟ್ಟಿಸುವ ವಿದ್ಯೆ ನಮಗೆ ಇನ್ನೂ ಒಲಿದಿಲ್ಲ, ಹೆಪ್ಪಿನಲ್ಲಿ ತತ್ತಿ ಒಡೆದುಹೋಗುತ್ತದೆ. ಆದ್ದರಿಂದ ಗಂಡಿನ ಬೀಜ ಡಬ್ಬಿಯಲ್ಲಿ, ಹೆಣ್ಣು ಜೀವಂತ ನೀರಿನಲ್ಲಿ, ಎರಡೂ ಇದ್ದರೆ ಮಾತ್ರ ನಮ್ಮ ಆಟ.

ನನ್ನ ಓದಿದ ನೆಂಟರಿಗೆ ಇದನ್ನು ತಿಳಿಸಲು ನನಗೆ ಅರ್ಧ ತಾಸು ಬೇಕು, ಆಮೇಲೂ ಅವರು ಮುತ್ತು ಸಿಗುತ್ತದೆಯೇ ಎಂದೇ ಕೇಳುತ್ತಾರೆ. ಮುಂಡರಗಿ ಕಡೆ ಒಂದೇ ಮಾತಿಗೆ ತಿಳಿಯುತ್ತಿತ್ತು. ಅಲ್ಲಿ ಎಮ್ಮೆ ಆಕಳು ಬೆದೆಗೆ ಬಂದರೆ ಕೊಟ್ರೇಶನಿಗೆ ಫೋನು ಹೋಗುತ್ತದೆ. ಅವನು ಮೋಟರ್‌ಸೈಕಲ್ಲಿನ ಹಿಂದೆ ಹೊಗೆಯಾಡುವ ಕ್ಯಾನು ಕಟ್ಟಿಕೊಂಡು ಬಂದು, ಅದರಿಂದ ಹೋರಿಯ ಬೀಜದ ಕಡ್ಡಿಯೊಂದನ್ನು ಚಿಮಟದಲ್ಲಿ ಎತ್ತಿ ಸೂಜಿ ಮಾಡಿ ಹೋಗುತ್ತಾನೆ. ಸಿಂಪಿಗೂ ಹಾಗೇ ಎಂದರೆ ಮುಗಿಯಿತು, ಹೌದೌದು ಎಂದು ತಲೆಯಾಡಿಸುತ್ತಿದ್ದರು. ನನ್ನ ಕ್ಯಾನನ್ನೂ ನಾನು ಕೊಟ್ರೇಶನ ದನದ ಔಷಧದ ಅಂಗಡಿಯಲ್ಲೇ ಇಟ್ಟಿದ್ದೆ. ಇಟ್ಟ ದಿನವೇ ಅವನು ಎರಡೂ ಕ್ಯಾನುಗಳನ್ನು ದೂರ ದೂರ ಸರಿಸಿ, ಅವಸರದಲ್ಲಿ ಯಾರದೋ ಎಮ್ಮೆಗೆ ನಿಮ್ಮ ಕಡ್ಡಿ ಬಿದ್ದು ನಾಳೆ ಅದು ಚಿಪ್ಪು ಈದರೆ ನಾನು ಊರು ಬಿಡಬೇಕಾಗುತ್ತದೆ ಎಂದ. ನಗದೇ ಹೇಳಿದ. ಅವನು ಹಾಗೆಯೇ, ನಗುವುದನ್ನು ಕೇಳುವವರಿಗೆ ಬಿಡುವವನು.

ನನ್ನ ಊರು ಬೆಟಗೇರಿ. ಮುಂಡರಗಿಯಿಂದ ಬಸ್ಸು ಹತ್ತಿದರೆ ಚಹಾ ಹೊತ್ತಿಗೆ ಅಣ್ಣನ ಮನೆಯಲ್ಲಿರಬಹುದಿತ್ತು. ಆದರೂ ನಾನು ಮುಂಡರಗಿಯಲ್ಲೇ, ಒಂದು ಕಿರಾಣಿ ಅಂಗಡಿಯ ಮೇಲಿನ ಖೋಲಿ ಹಿಡಿದೆ. ನನ್ನ ಮದುವೆ ಮುರಿದು ಆಗ ವರ್ಷ ಕಳೆದಿತ್ತು. ಅಣ್ಣನ ಮನೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಆ ಅನ್ನದೇ ಇರುವುದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ. ಅತ್ತಿಗೆ ಎರಡನೆಯ ಸಲ ಅನ್ನ ಬಡಿಸುವಾಗ ಕೈ ಸ್ವಲ್ಪ ಮೆತ್ತಗಾಗುತ್ತಿತ್ತು, ಪಕ್ಕದ ಮನೆಯವರು ನನ್ನನ್ನು ಕಂಡ ಕೂಡಲೇ ಹವಾಮಾನದ ಮಾತು ತೆಗೆಯುತ್ತಿದ್ದರು. ಕರುಣೆಯ ಮನೆಯೂಟಕ್ಕಿಂತ ಖಾನಾವಳಿಯ ಕಟಕ ರೊಟ್ಟಿ ವಾಸಿ ಎಂದು ನಾನು ಖೋಲಿಯಲ್ಲಿ ಉಳಿದೆ. ಖೋಲಿಯ ಕಿಟಕಿಯಿಂದ ಕಪ್ಪತಗುಡ್ಡದ ಮೇಲಿನ, ಕರೆಂಟು ಮಾಡುವ ಗಾಳಿಯ ಫಂಕಾಗಳು ಕಾಣುತ್ತಿದ್ದವು. ರವಿವಾರ ಇಡೀ ದಿನ ಅವನ್ನು ನೋಡಿಕೊಂಡು ಕೂತದ್ದಿದೆ. ಕೆಲವು ದಿನ ಸಂಜೆಯವರೆಗೆ ಬಾಯಿಬಿಟ್ಟು ಒಂದು ಮಾತೂ ಆಡಿರುತ್ತಿರಲಿಲ್ಲ. ಅಂಗಡಿಗೆ ಇಳಿದು ಬೇಡದ ಕಡ್ಡಿಪೆಟ್ಟಿಗೆ ಕೇಳಿ, ನನ್ನ ದನಿ ಇನ್ನೂ ಇದೆಯೆಂದು ಖಾತ್ರಿ ಮಾಡಿಕೊಂಡು ಹತ್ತುತ್ತಿದ್ದೆ.

ಚಳಿಗಾಲವೆಲ್ಲ ಹುಡುಕಿದೆ. ಶಿರಹಟ್ಟಿಯ ಹಳ್ಳಗಳಲ್ಲಿ, ಲಕ್ಷ್ಮೇಶ್ವರದ ಕೆರೆಯಲ್ಲಿ, ಯಾರೋ ಹೇಳಿದರೆಂದು ಲಕ್ಕುಂಡಿಯ ಬಾವಿಯ ಮೆಟ್ಟಿಲುಗಳನ್ನೂ ಇಳಿದು ನೋಡಿದೆ. ಶಂಖದ ಹುಳು ಸಿಕ್ಕವು, ಬೇರೆ ಜಾತಿಯ ಸಿಂಪಿಗಳು ಸಿಕ್ಕವು, ಕಾಲಿಗೆ ಗಾಜು ಸಿಕ್ಕಿತು. ಕೊನೆಗೆ ಹೊಳೆದಂಡೆಯ ಒಂದು ಹಳ್ಳಿಯಲ್ಲಿ, ಕಟ್ಟಕಡೆಯ ಮನೆಯ ಮುಂದೆ, ಒಬ್ಬ ಹೆಂಗಸು ಹಾಲಿನ ಬೋಗುಣಿ ಕೆರೆಯುತ್ತ ಕೂತಿದ್ದಳು. ಅವಳ ಕೈಯಲ್ಲಿದ್ದ ಸಿಂಪಿ ನೋಡಿ ನಾನು ರಸ್ತೆಯಲ್ಲೇ ನಿಂತೆ. ಒಳಮೈ ತಿಳಿ ನೇರಳೆ, ತುದಿಯಲ್ಲಿ ಮೊನೆ. ಹಳ್ಳಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಉಸುಕಿನವರಿಗೆ ವಿಳಾಸ ಕೊಟ್ಟಂತಾಗುತ್ತದೆ.

ಅವಳೇ ಫಕ್ಕೀರವ್ವ. ಐವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಮಾತು ಕಡಿಮೆ. ಗಂಡ ಈರಪ್ಪ ಹೊಲ ನೋಡುತ್ತಿದ್ದ, ಮನೆ ಮತ್ತು ಎತ್ತುಗಳು ಇವಳ ಕಾರಭಾರ. ಸಿಂಪಿ ಎಲ್ಲಿಯದೆಂದು ಕೇಳಿದ್ದಕ್ಕೆ ಬೋಗುಣಿ ಕೆಳಗಿಟ್ಟು, ಸೀರೆ ಎತ್ತಿಕಟ್ಟಿ, ಬರ್ರಿ ಎಂದು ಮುಂದೆ ಹೊರಟಳು. ಹೊಳೆ ತಿರುಗುವಲ್ಲಿ ಬಂಡೆಗಳ ನಡುವೆ ಒಂದು ಮಡುವಿತ್ತು. ಬಂಡೆಗಳ ದೆಸೆಯಿಂದ ಲಾರಿ ಅಲ್ಲಿಗೆ ಇಳಿದಿರಲಿಲ್ಲ. ಮೊಣಕಾಲು ನೀರಿನಲ್ಲಿ ನಿಂತು ಉಸುಕಿನೊಳಗೆ ಅಂಗಾಲು ಆಡಿಸಬೇಕು, ಸಿಂಪಿಯ ಅಂಚು ಹರಿತವಾಗಿ ತಗಲುತ್ತದೆ. ಬೆಳಗಿನಿಂದ ಹುಡುಕಿ ಎರಡು ಕೈಯ ಬೆರಳು ಮುಗಿದು ಕಾಲಿನ ಬೆರಳಿಗೆ ಲೆಕ್ಕ ಇಳಿಯುವಷ್ಟು ಸಿಕ್ಕವು. ಅಷ್ಟೇ. ಇಡೀ ಹೊಳೆಯಲ್ಲಿ ನನಗೆ ಗೊತ್ತಿದ್ದದ್ದು ಅಷ್ಟೇ.

ಅಂದಿನಿಂದ ನನ್ನ ದಿನಗಳು ಆ ಮನೆಯ ಪಡಸಾಲೆಯಲ್ಲಿ ಕಳೆದವು. ಸೂಕ್ಷ್ಮದರ್ಶಕ ಅಲ್ಲೇ ಇಟ್ಟೆ. ಸಿಂಪಿಗಳಲ್ಲಿ ಗಂಡು ಯಾವುದು ಹೆಣ್ಣು ಯಾವುದು ಹೊರಗಿನಿಂದ ತಿಳಿಯುವುದಿಲ್ಲ. ಚಿಪ್ಪನ್ನು ಕೂದಲೆಳೆಯಷ್ಟು ತೆರೆದು, ಸಣ್ಣ ಸೂಜಿಯಿಂದ ಒಂದು ಹನಿ ತೆಗೆದು ಗಾಜಿನ ಕೆಳಗೆ ನೋಡಬೇಕು. ಹೆಣ್ಣಾದರೆ ದುಂಡು ತತ್ತಿಗಳು. ಗಂಡಾದರೆ ಬೀಜಗಳು ಒಂದಕ್ಕೊಂದು ಅಂಟಿ ಚೆಂಡಿನಂತಾಗಿ ತಾವಾಗಿಯೇ ಉರುಳುತ್ತ ಹೋಗುತ್ತವೆ. ಫಕ್ಕೀರವ್ವ ಒಂದು ಕಣ್ಣು ಮುಚ್ಚಿ ಬಗ್ಗಿ ಬಹಳ ಹೊತ್ತು ನೋಡಿದಳು. ಜಾತ್ರಿಗೆ ಹೊಂಟಂಗ ಹೊಂಟಾವಲ್ರಿ ಎಂದಳು. ಮತ್ತೆ ಮತ್ತೆ ಸೂಜಿ ಚುಚ್ಚಬಾರದೆಂದು ಹೆಣ್ಣುಗಳಿಗೆ ಗುರುತು ಹಾಕಬೇಕಿತ್ತು. ನನ್ನ ಚೀಲದ ತಳದಲ್ಲಿ ಒಂದು ಕೆಂಪು ಉಗುರುಬಣ್ಣದ ಬಾಟಲಿ ಇತ್ತು, ಮದುವೆಯ ದಿನಗಳದ್ದು, ಎಸೆಯಲು ಮರೆತದ್ದು. ಅದನ್ನೇ ಹೆಣ್ಣು ಸಿಂಪಿಗಳ ಬೆನ್ನಿಗೆ ಒಂದೊಂದು ಬೊಟ್ಟು ಹಚ್ಚಿದೆ. ಆ ಬಾಟಲಿ ಯಾವ ಕಾಲದ್ದು ಎಂದು ಫಕ್ಕೀರವ್ವ ಕೇಳಲಿಲ್ಲ. ಆ ಬೇಸಿಗೆಯಲ್ಲಿ ಅವಳು ನನ್ನನ್ನು ಅಂಥ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅದಕ್ಕೇ ಇರಬೇಕು, ಬೆಳಿಗ್ಗೆ ಏಳುತ್ತಲೇ ಆ ಮನೆಗೆ ಹೋಗುವ ಮನಸ್ಸಾಗುತ್ತಿತ್ತು.

ಮೊದಲ ಸಲ ತೆಗೆದ ಬೀಜ ಹೆಪ್ಪುಗಟ್ಟಿಸಿ, ಕರಗಿಸಿ ನೋಡಿದೆ. ಒಂದೂ ಅಲುಗಲಿಲ್ಲ. ಔಷಧದ ಪಾಕ ಬದಲಿಸಿದೆ, ತಣಿಸುವ ವೇಗ ಬದಲಿಸಿದೆ, ಎಲ್ಲ ಸತ್ತವು. ಬೀಜ ಇನ್ನೂ ಬಲಿತಿರಲಿಲ್ಲ. ಹೊಸ ಮಳೆಯ ತಂಪು ಹತ್ತಿದ ಮೇಲೆಯೇ ಇವು ಬಲಿಯುವುದು. ಅಲ್ಲಿಯವರೆಗೆ ಕಾಯಬೇಕು, ಕಾಯುವುದು ಮಡುವಿಗೆ ಆಗಬೇಕಲ್ಲ? ಬಿಸಿಲು ಏರಿದಂತೆ ಮಡು ದಿನದಿನಕ್ಕೂ ಕುಗ್ಗಿತು, ನೀರು ಕೈಗೆ ಬೆಚ್ಚಗಾಗತೊಡಗಿತು. ಒಂದು ದಿನ ಆಚೆ ದಂಡೆಯಲ್ಲಿ ಟ್ರ್ಯಾಕ್ಟರಿನ ಗಾಲಿಯ ಗುರುತುಗಳು ಕಂಡವು. ಸಂಸ್ಥೆಗೆ ಫೋನು ಮಾಡಿದೆ. ಈ ಬಿಸಿಲಿನಲ್ಲಿ ಹಾದಿಯಲ್ಲೇ ಸಾಯುತ್ತವೆ, ಮಳೆ ಬಿದ್ದು ತಂಪಾದ ಮೇಲೆ ಗಾಡಿ ಕಳಿಸುತ್ತೇವೆ ಎಂದರು. ಅವರ ಮಾತು ಸುಳ್ಳಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಆಗ ಫಕ್ಕೀರವ್ವ ತನ್ನ ಕಲ್ಲಬಾನಿ ತೋರಿಸಿದಳು. ಎತ್ತುಗಳು ನೀರು ಕುಡಿಯುವ ಬಾನಿ, ಒಂದೇ ಕಲ್ಲಿನಲ್ಲಿ ಕಡೆದದ್ದು, ಬೇವಿನ ಗಿಡದ ನೆರಳಿನಲ್ಲಿ ಸದಾ ತಣ್ಣಗಿರುತ್ತಿತ್ತು. ತಳಕ್ಕೆ ಮಡುವಿನ ಉಸುಕು ಹಾಸಿ, ಸಿಂಪಿಗಳನ್ನೆಲ್ಲ ತಂದು ಅದರಲ್ಲಿ ಬಿಟ್ಟೆವು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ: ಬೋರಿನ ನೀರು ಬೇಡ, ಹೊಳೆಯದೇ ಬೇಕು, ಸಾಬೂನಿನ ಕೈ ಸೋಕಬಾರದು, ಪೌಡರ್ ಗೀಡರ್ ಹಾಕಬಾರದು. ಅವಳು ಹೂಂ ಎಂದಳು. ದಿನಾ ನಸುಕಿನಲ್ಲಿ ಹೊಳೆಗೆ ಹೋಗಿ ಎರಡು ಕೊಡ ನೀರು ತಂದು, ಹಳೆಯ ನೀರು ಅಷ್ಟು ತೆಗೆದು ಹೊಸದು ಹಾಕುತ್ತಿದ್ದಳು. ಎತ್ತುಗಳಿಗೆ ಬುಟ್ಟಿಯಲ್ಲಿ ನೀರು ಕುಡಿಸಿದಳು. ಈರಪ್ಪ ಒಮ್ಮೆ, ಸಿಂಪಿಗಳಿಗೆ ಬಾನಿ, ಎತ್ತುಗಳಿಗೆ ಬುಟ್ಟಿ, ನಾಳೆ ನನಗೆ ಊಟ ಎಲ್ಲಿ ಹಾಕುತ್ತೀ ಎಂದು ಕೇಳಿದ. ನಿನಗೂ ಚಿಪ್ಪಿನಲ್ಲೇ ಎಂದಳು. ಆ ಬೇಸಿಗೆಯಲ್ಲಿ ನಾನು ಮನಸಾರೆ ನಕ್ಕ ದಿನಗಳಲ್ಲಿ ಅದೂ ಒಂದು.

ರೋಹಿಣಿ ಮಳೆ ಹುಸಿಹೋಯಿತು. ಮಿರಗ, ಅಂದರೆ ಮೃಗಶಿರ ಮಳೆ, ಕೂಡಿದ ಮೇಲೆ ಒಂದು ಮಧ್ಯಾಹ್ನ ಕಪ್ಪತಗುಡ್ಡದ ಕಡೆಯಿಂದ ಮೋಡ ಕಟ್ಟಿ ಒಳ್ಳೆಯ ಮಳೆಯಾಯಿತು. ಮರುದಿನ ಒಂದು ಗಂಡು ಸಿಂಪಿಯ ಹನಿ ತೆಗೆದು ನೋಡಿದರೆ ಚೆಂಡುಗಳು ಗಾಜಿನ ತುಂಬ ಉರುಳುತ್ತಿದ್ದವು. ಎರಡು ಮೂರು ದಿನದಲ್ಲಿ ಪೂರ್ತಿ ಬಲಿಯುತ್ತವೆ ಎನಿಸಿತು. ಸಂಸ್ಥೆಯವರೂ ಕಾರಹುಣ್ಣಿಮೆ ಮುಗಿದ ಕೂಡಲೇ ಗಾಡಿ ಹೊರಡುತ್ತದೆ ಎಂದರು. ಗಂಡಿನ ಬೀಜ ಕ್ಯಾನಿಗೆ, ಹೆಣ್ಣುಗಳು ತಂಪು ಪೆಟ್ಟಿಗೆಯಲ್ಲಿ ಸಂಸ್ಥೆಯ ಕೊಳಕ್ಕೆ. ನನ್ನ ಜೀವನದಲ್ಲಿ ಎಲ್ಲವೂ ಒಟ್ಟಿಗೆ ಕೂಡಿಬರುವುದು ಅಪರೂಪ, ಅದಕ್ಕೇ ಕ್ಯಾನು ಅಂದೇ ಕೈಕೊಟ್ಟಿತು. ಅದರ ಹೊರಮೈ ಬೆವರುತ್ತಿದೆ, ಗಾಳಿ ಹೊಕ್ಕಿದೆ, ಒಳಗಿನ ಸಾರಜನಕದ ಗ್ಯಾಸೆಲ್ಲ ಹಾರಿಹೋಗುತ್ತದೆ ಎಂದು ಕೊಟ್ರೇಶ ಹೇಳಿದ. ಬೇರೆ ಕ್ಯಾನು ತಂದು ತುಂಬಿಸಿಕೊಳ್ಳಲು ನಾವಿಬ್ಬರೂ ಗದಗಿಗೆ ಹೋದೆವು. ಗ್ಯಾಸಿನ ಗಾಡಿ ಬರುವುದು ತಡವಾಗಿ ರಾತ್ರಿ ಅಲ್ಲೇ ಉಳಿಯಬೇಕಾಯಿತು. ಅದು ಹೊನ್ನುಗ್ಗಿಯ ದಿನ, ಮರುದಿನ ಕಾರಹುಣ್ಣಿಮೆ.

ನಮ್ಮ ಕಡೆ ಕಾರಹುಣ್ಣಿಮೆ ಎಂದರೆ ಎತ್ತಿನ ಹಬ್ಬ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೋಡುಬಳೆಯ ಸರ ಕಟ್ಟಿ ಸಂಜೆ ಕರಿ ಹರಿಯಲು, ಎಂದರೆ ಊರ ಬಾಗಿಲಿಗೆ ಕಟ್ಟಿದ ತೋರಣ ಹರಿಯುವ ಓಟಕ್ಕೆ, ಬಿಡುತ್ತಾರೆ. ದನದ ಮನೆಯನ್ನೆಲ್ಲ ಸಾರಿಸಿ, ಕಂಬಕ್ಕೆ, ಗೋಡೆಗೆ, ಬಾನಿಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಾರೆ. ಇದು ನನಗೆ ತಿಳಿಯದ ಸಂಗತಿಯಲ್ಲ, ಬೆಟಗೇರಿಯಲ್ಲಿ ಹುಟ್ಟಿದವಳು ನಾನು. ಆದರೆ ನಮ್ಮದು ಮಗ್ಗದ ಮನೆ. ಬಾನಿಗೆ ಸುಣ್ಣ ಬೀಳುವ ದಿನ ನಮ್ಮ ಮನೆಯಲ್ಲಿ ಇರಲಿಲ್ಲ.

ಹಬ್ಬದ ದಿನ ನಾವು ಹಳ್ಳಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಓಣಿಯಲ್ಲೆಲ್ಲ ಎತ್ತಿನ ಗೆಜ್ಜೆಯ ಸದ್ದು. ಮನೆಯ ತಿರುವಿನಿಂದಲೇ ಬಾನಿ ಕಂಡಿತು. ಬೇವಿನ ನೆರಳಿನಲ್ಲಿ ಅದು ಬೆಳ್ಳಗೆ ಹೊಳೆಯುತ್ತಿತ್ತು, ಅಂಚಿಗೆ ಕೆಮ್ಮಣ್ಣಿನ ಪಟ್ಟಿ, ನಾಲ್ಕೂ ಮೂಲೆಗೆ ಚುಕ್ಕೆ. ಫಕ್ಕೀರವ್ವ ಹೊಸ ಇಳಕಲ್ ಸೀರೆ ಉಟ್ಟು ಪಕ್ಕದಲ್ಲಿ ನಿಂತಿದ್ದಳು. ಅವಳ ಮುಖ ನೋಡಿದರೆ ಆದದ್ದು ಅವಳಿಗೆ ಆಗಲೇ ಗೊತ್ತಾಗಿತ್ತು.

"ಬ್ಯಾರೆ ಹಂಡೆದಾಗ ಇಟ್ಟಿದ್ದೆರಿ ಅಕ್ಕಾರ," ಎಂದಳು. "ಹೊಳಿ ನೀರಾಗ ಇಟ್ಟು, ಬಾನಿ ಒಳಗೂ ಹೊರಗೂ ಬಳದು, ಒಣಗಿದ ಮ್ಯಾಲೆ ಹೊಸ ನೀರ ತುಂಬಿ ಬಿಟ್ಟೆ. ಹಬ್ಬದ ದಿವಸ ಎತ್ತಿಗೆ ಎಲ್ಲಾ ಮಾಡಿ, ಇವನ್ನ ಹೊಲಸು ಬಾನ್ಯಾಗ ಹೆಂಗ ಇಡೂದ್ರಿ? ಅವೂ ಮನಿ ಜೀವ ಅಲ್ಲೇನ್ರಿ."

ನಾನು ಹೇಳಿದ್ದನ್ನೆಲ್ಲ ಅವಳು ಪಾಲಿಸಿದ್ದಳು. ಬೋರಿನ ನೀರು ಹಾಕಿರಲಿಲ್ಲ, ಸಾಬೂನು ಮುಟ್ಟಿಸಿರಲಿಲ್ಲ, ಉಸುಕನ್ನು ಬೇರೆ ತೊಳೆದು ತಂದಿದ್ದಳು. ಸುಣ್ಣದ ಮಾತು ನನ್ನ ಬಾಯಲ್ಲಿ ಬಂದಿರಲಿಲ್ಲ, ಸುಣ್ಣ ಹೊಲಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನೀರು ತುಂಬಿದ ಮೇಲೆ ಸುಣ್ಣ ನಿಧಾನಕ್ಕೆ ಬಿಟ್ಟುಕೊಂಡಿತ್ತು. ಸಿಂಪಿಗಳು ಮೊದಲು ಬಿಗಿಯಾಗಿ ಬಾಯಿ ಮುಚ್ಚಿರಬೇಕು, ಎಷ್ಟು ಹೊತ್ತು ಮುಚ್ಚಿಕೊಂಡಿದ್ದಾವು? ನಾನು ನೋಡುವಾಗ ಎಲ್ಲವೂ ಬಾಯಿ ಬಿಟ್ಟಿದ್ದವು. ಪ್ರತಿಯೊಂದರ ಬೆನ್ನಿಗೂ ಕುಂಕುಮ ಹಚ್ಚಿತ್ತು. ನನ್ನ ಕೆಂಪು ಬೊಟ್ಟು ಇದ್ದವಕ್ಕೆ ಅದರ ಪಕ್ಕದಲ್ಲಿ, ಇಲ್ಲದವಕ್ಕೆ ನಟ್ಟನಡುವೆ.

ಸಿಟ್ಟು ಬಂತು. ಅವಳ ಮುಖ ನೋಡಲು ಆಗದಷ್ಟು ಸಿಟ್ಟು. ಆದರೆ ಸಿಟ್ಟು ಮಾಡಲು ಹೊತ್ತಿರಲಿಲ್ಲ. ಸಿಂಪಿ ಸತ್ತರೂ ಅದರೊಳಗಿನ ಬೀಜ ಸ್ವಲ್ಪ ಹೊತ್ತು ಉಳಿದಿರುತ್ತದೆ. ಪಡಸಾಲೆಯಲ್ಲಿ ಸೂಕ್ಷ್ಮದರ್ಶಕ ತೆಗೆದೆ. ಕೊಟ್ರೇಶ ಕ್ಯಾನಿನ ಮುಚ್ಚಳ ತೆಗೆದು ಎದುರು ಕೂತ. ಕೆಂಪು ಬೊಟ್ಟಿಲ್ಲದ ಒಂದೊಂದನ್ನೇ ತೆರೆದು ಹನಿ ತೆಗೆದೆ. ಮೊದಲನೆಯದರಲ್ಲಿ ಎಲ್ಲ ಸ್ತಬ್ಧ. ಎರಡನೆಯದೂ ಅಷ್ಟೇ. ಅಂಗಳದಲ್ಲಿ ಎತ್ತುಗಳು ಗೆಜ್ಜೆ ಕುಣಿಸುತ್ತ ನಿಂತಿದ್ದವು, ಈರಪ್ಪ ಅವನ್ನು ಹೊಡೆದುಕೊಂಡು ಹೋಗಲೂ ಇಲ್ಲ, ಬಿಚ್ಚಲೂ ಇಲ್ಲ. ಕೊನೆಕೊನೆಗೆ ಒಂದು ಗಂಡಿನಲ್ಲಿ ಚೆಂಡೊಂದು ಅಲುಗಿತು. ಉರುಳಲಿಲ್ಲ, ನಿಂತಲ್ಲೇ ತೊನೆದಾಡಿತು. ಅದನ್ನು ಕಂಡು ನನ್ನ ಕಣ್ಣು ಮಂಜಾಗಿ ಗಾಜಿನಿಂದ ಏಳಬೇಕಾಯಿತು. ಅದರದೂ, ಅದರ ನಂತರದ ಇನ್ನೊಂದರದೂ ಬೀಜವನ್ನು ಪಾಕದಲ್ಲಿ ಬೆರೆಸಿ ಕಡ್ಡಿಗಳಿಗೆ ತುಂಬಿ, ಮೊದಲು ತಣ್ಣನೆಯ ಹೊಗೆಯಲ್ಲಿ ಹಿಡಿದು, ಆಮೇಲೆ ಒಳಗೆ ಇಳಿಸಿದೆವು. ಹೆಣ್ಣುಗಳ ಒಡಲು ತತ್ತಿಯಿಂದ ತುಂಬಿತ್ತು. ಅವಕ್ಕೆ ನಾವು ಏನೂ ಮಾಡುವಂತಿರಲಿಲ್ಲ.

ಹೊರಗೆ ಬಂದಾಗ ಫಕ್ಕೀರವ್ವ ಬಾನಿಯ ನೀರು ಚೆಲ್ಲಿ, ಹೊಸ ಸೀರೆಯಲ್ಲೇ ಕೂತು, ಕಳೆ ತೆಗೆಯುವ ಕುರುಪಿಯಿಂದ ಸುಣ್ಣ ಹೆರೆಯುತ್ತಿದ್ದಳು. ಬಿಡ್ರಿ ಎಂದೆ. ಬಿಡಲಿಲ್ಲ. ಕತ್ತಲಾಗುವವರೆಗೂ ಕಲ್ಲಿನ ಮೇಲೆ ಕುರುಪಿ ಎಳೆಯುವ ಸದ್ದು ಕೇಳುತ್ತಿತ್ತು. ಆ ಮನೆಯ ಎತ್ತುಗಳು ಆ ವರ್ಷ ಕರಿ ಹರಿಯಲು ಹೋಗಲಿಲ್ಲ.

ಮರುದಿನ ಒಂದು ಕಡ್ಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ನೋಡಿದೆ. ಕೆಲವು ಅಲುಗಿದವು. ಕೆಲವೇ, ಆದರೆ ಅಲುಗಿದವು. ಅಷ್ಟು ತಿಂಗಳು ಬರದ ಫಲ ಅಂದು ಬಂದಿತ್ತು, ಕೊಡಲು ಹೆಣ್ಣೇ ಇರಲಿಲ್ಲ. ಒಂದು ವಾರ ಮಡುವಿನಲ್ಲಿ, ಅದರ ಮೇಲೆ ಕೆಳಗೆ ಹುಡುಕಿದೆವು. ಆಮೇಲೆ ಹೊಳೆಗೆ ಕೆಂಪು ನೀರು ಬಂತು, ಮಡು ಇದ್ದ ಜಾಗವೇ ಕಾಣದಾಯಿತು. ಬಂದ ಗಾಡಿ ಕ್ಯಾನೊಂದನ್ನೇ ಹೇರಿಕೊಂಡು ಹೋಯಿತು, ನಾನೂ ಅದರಲ್ಲೇ ಹೋದೆ. ಹೊರಡುವಾಗ ಫಕ್ಕೀರವ್ವ ಬುತ್ತಿ ಕಟ್ಟಿಕೊಟ್ಟಳು. ಹಾದಿಯಲ್ಲಿ ಬುತ್ತಿ ಬಿಚ್ಚಲು ನನಗೆ ಮನಸ್ಸಾಗಲಿಲ್ಲ, ಚಾಲಕ ಉಂಡ.

ಆ ಕಡ್ಡಿಗಳು ಈಗಲೂ ಸಂಸ್ಥೆಯಲ್ಲಿವೆ. ಕ್ಯಾನಿನ ಗ್ಯಾಸು ಇಳಿದಂತೆಲ್ಲ ತುಂಬಬೇಕು. ಆ ಕೆಲಸವನ್ನು ನಾನು ಬೇರೆಯವರಿಗೆ ಬಿಟ್ಟಿಲ್ಲ. ಮುಚ್ಚಳ ತೆಗೆದರೆ ಬಿಳಿ ಹೊಗೆ ಎದ್ದು ಕೈ ಮರಗಟ್ಟುತ್ತದೆ. ಸಂಸ್ಥೆಯ ಹೊಸಬರು ಒಮ್ಮೆ, ಹೆಣ್ಣಿಲ್ಲದ ಜಾತಿಯ ಬೀಜಕ್ಕೆ ಎಷ್ಟು ವರ್ಷ ಗ್ಯಾಸು ಸುರಿಯುವುದು ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ನಾನು ಕ್ಯಾನಿನ ಮುಚ್ಚಳ ಹಾಕಿ, ಮನೆಗೆ ಬಂದು ಒಬ್ಬಳೇ ಅತ್ತೆ. ಫಕ್ಕೀರವ್ವನಿಗೆ ಫೋನು ಮಾಡಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮಾಡಿದರೆ ಅವಳಿಗೆ ಅದೇ ನೆನಪಾಗುತ್ತದೆ ಎಂದು ಬಿಟ್ಟೆ. ಅವಳೂ ಮಾಡಲಿಲ್ಲ.

ಈ ಬೇಸಿಗೆಯಲ್ಲಿ ಕೊಟ್ರೇಶನ ಫೋನು ಬಂತು. ಫಕ್ಕೀರವ್ವ ಕರೆಯುತ್ತಿದ್ದಾಳೆ, ಸೂಜಿ, ಗಾಜು ತೆಗೆದುಕೊಂಡು ಬರಬೇಕಂತೆ ಎಂದ. ಯಾಕೆಂದು ಕೇಳಿದರೆ ಹೇಳಲಿಲ್ಲ. ಮುಂಡರಗಿಯಲ್ಲಿ ಬಸ್ಸಿಳಿದು ಅವನ ಹಿಂದೆ ಮೋಟರ್‌ಸೈಕಲ್ಲಿನಲ್ಲಿ ಕೂತಾಗ ಹಾದಿಯುದ್ದಕ್ಕೂ ಹೇಳಿದ. ಅವಳು ಪ್ರತಿ ವರ್ಷ ಹೊಳೆ ಇಳಿದ ಮೇಲೆ, ಮನೆಗೆಲಸ ಮುಗಿಸಿ, ದಿನಾ ಒಬ್ಬಳೇ ನೀರಿನಲ್ಲಿ ಕಾಲಾಡಿಸುತ್ತ ಹೋಗುತ್ತಾಳಂತೆ. ಮೊದಲ ವರ್ಷ ಮಡುವಿನ ಸುತ್ತ, ಆಮೇಲೆ ಕೆಳಗಿನ ಊರಿನವರೆಗೆ, ಹೋದ ವರ್ಷ ಅದರಾಚೆಗೂ. ಮೊದಮೊದಲು ಜನ ನಕ್ಕರು. ಆಮೇಲೆ ಅವಳನ್ನು ಅಲ್ಲಿ ಕಾಣುವುದು ರೂಢಿಯಾಯಿತು. ಗಂಡ ಎಷ್ಟು ಹೇಳಿದರೂ ಬಿಟ್ಟಿಲ್ಲ. ನನಗೆ ತಿಳಿಸಬಾರದೆಂದು ಕೊಟ್ರೇಶನಿಂದ ಭಾಷೆ ತೆಗೆದುಕೊಂಡಿದ್ದಳಂತೆ. ನಾನು ನನ್ನ ಕ್ಯಾನಿಗೆ ಒಬ್ಬಳೇ ಗ್ಯಾಸು ತುಂಬುತ್ತಿದ್ದ ಅಷ್ಟೂ ವರ್ಷ ಇವಳು ಇಲ್ಲಿ ಒಬ್ಬಳೇ ನೀರಿನಲ್ಲಿದ್ದಳು.

ಹೊಳೆದಂಡೆಯಲ್ಲಿ ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು, ಕಾಲಿನ ಬೆರಳ ಸಂದಿಯೆಲ್ಲ ನೀರು ತಿಂದು ಬಿರುಕು. ಆರಾಮ ಅದೀರೇನ್ರಿ ಎಂದು ಕೇಳಿದಳು, ನಾನು ಹೂಂ ಎನ್ನುವ ಮೊದಲೇ ನೀರಿಗೆ ಇಳಿದಳು. ಬಂಡೆಯ ಮರೆಯಲ್ಲಿ ಒಂದು ಕೋಲು ನೆಟ್ಟಿತ್ತು, ಅದರ ಸುತ್ತ ಕಲ್ಲು ಜೋಡಿಸಿತ್ತು.

"ಮನಿಗೆ ಒಯ್ದಿಲ್ರಿ," ಎಂದಳು. "ಸಿಕ್ಕಲ್ಲೇ ಐತಿ."

ಉಸುಕಿನಿಂದ ಅವಳು ತೆಗೆದು ನನ್ನ ಅಂಗೈಗೆ ಇಟ್ಟ ಸಿಂಪಿ ಹೆಬ್ಬೆರಳಿನಷ್ಟಿತ್ತು. ತುದಿಯ ಮೊನೆ ನೋಡಿ ಗುರುತು ಹತ್ತಿತು, ಅದೇ ಜಾತಿ. ನಿಧಾನಕ್ಕೆ ಬಾಯಿ ಮುಚ್ಚಿಕೊಂಡಿತು. ಬದುಕಿತ್ತು. ಬಂಡೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಮೊಣಕೈ ಊರಿ, ಸೂಜಿಯಿಂದ ಒಂದು ಹನಿ ತೆಗೆದೆ. ಫಕ್ಕೀರವ್ವ ನನ್ನನ್ನೇ ನೋಡುತ್ತಿದ್ದಳು. ಹನಿಯಲ್ಲಿ ತತ್ತಿಯೂ ಇರಲಿಲ್ಲ, ಚೆಂಡೂ ಇರಲಿಲ್ಲ. ತಿಳಿ ನೀರು. ಚಿಪ್ಪನ್ನು ಬೆಳಕಿಗೆ ತಿರುಗಿಸಿದೆ. ಬೇಸಿಗೆಗೊಮ್ಮೆ ಸಿಂಪಿಯ ಬೆಳವಣಿಗೆ ನಿಂತು ಚಿಪ್ಪಿನ ಮೇಲೆ ಒಂದು ಗೆರೆ ಬೀಳುತ್ತದೆ, ವಯಸ್ಸು ತಿಳಿಯುವುದು ಅದರಿಂದ. ಇದರ ಮೇಲೆ ಎರಡೇ ಗೆರೆ ಇದ್ದವು. ಮತ್ತೆ ಎಣಿಸಿದೆ.

"ಹೆಣ್ಣೋ ಗಂಡೋ, ಏನೈತ್ರಿ?"

"ಈಗ ತಿಳಿಯೂದಿಲ್ಲ ಫಕ್ಕೀರವ್ವ. ಇನ್ನಾ ಕೂಸೈತಿ. ಹುಟ್ಟಿ ಎರಡ ವರ್ಷ ಆಗಿರಬೇಕು."

ಅವಳು ಸಿಂಪಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಗ್ಗಿ, ಉಸುಕಿನಲ್ಲಿ ಮೊದಲಿದ್ದಂತೆಯೇ ಹೂತಿಟ್ಟಳು. ಕಲ್ಲುಗಳನ್ನು ಸರಿಮಾಡಿದಳು. ಆಮೇಲೆ ಬಗ್ಗಿದ್ದಂತೆಯೇ, ತನಗೆ ತಾನೇ ಕೇಳಿಕೊಂಡಂತೆ ಕೇಳಿದಳು.

"ಎರಡ ವರ್ಷದ್ದು ಅಂದ್ರ, ನಮ್ಮ ಬಾನ್ಯಾಗಿನವು ಹ್ವಾದ ಮ್ಯಾಲೆ ಹುಟ್ಟಿದ್ದು. ಹಂಗಾರ ಇದರ ಅವ್ವ ಎಲ್ಲೋ ಇರಬೇಕಲ್ರಿ?"

ಈ ಜಾತಿಯ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ಎಲ್ಲಿಂದ ಎಲ್ಲಿಗೋ ಬರುತ್ತವೆ, ಇದರ ತಾಯಿ ಹತ್ತು ಊರು ಮೇಲಿರಬಹುದು, ಈ ಎರಡು ವರ್ಷದಲ್ಲಿ ಸತ್ತೂ ಇರಬಹುದು. ಅದನ್ನೆಲ್ಲ ಹೇಳಲು ಬಾಯಿ ತೆರೆದೆ. ಅವಳ ಮುಖ ಇನ್ನೂ ನೀರಿನ ಕಡೆಗೇ ಇತ್ತು, ಹೆಗಲು ಅದುರುತ್ತಿತ್ತು. ಆ ಹಬ್ಬದ ಸಂಜೆ ಕುರುಪಿ ಹಿಡಿದು ಕೂತಾಗಲೂ ಅವಳು ಅತ್ತಿರಲಿಲ್ಲ.

"ಇರಬೇಕ್ರಿ," ಎಂದೆ.

ಕೊಟ್ರೇಶ ದಂಡೆಯಿಂದ ಚಹಾಕ್ಕೆ ಕರೆದ. ಫಕ್ಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಹೊಳೆಗೆ ಎದುರಾಗಿ ಮೇಲ್ಮುಖವಾಗಿ ನಡೆಯತೊಡಗಿದಳು, ಹೆಜ್ಜೆಗೊಂದು ಸಲ ನಿಂತು ಉಸುಕಿನಲ್ಲಿ ಅಂಗಾಲು ಆಡಿಸುತ್ತ. ನಾನು ಚಪ್ಪಲಿ ಬಿಟ್ಟು, ಸೀರೆ ಎತ್ತಿಕಟ್ಟಿ ಅವಳ ಪಕ್ಕಕ್ಕೆ ಇಳಿದೆ.